ಸಿ:\> ಎಂದು ನಿಂತ ಹಳೆಯ ಕಂಪ್ಯೂಟರ್: ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು

ಪ್ರಶ್ನೆ: ನಮ್ಮ ತಂದೆ ನಿವೃತ್ತ ಶಿಕ್ಷಕರು, ತಾಳಮದ್ದಲೆಯ ಅರ್ಥಧಾರಿಗಳು. 1999ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ಆರೇಳು ವರ್ಷ ಪ್ರಸಂಗಗಳ ಮೇಲಿನ ತಮ್ಮ ಟಿಪ್ಪಣಿಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಆಮೇಲೆ ಅದು ಅಟ್ಟ ಸೇರಿತು. ಈಗ ಅವರಿಗೆ ಆ ಬರಹಗಳು ಬೇಕಾಗಿವೆ. ಕೆಳಗಿಳಿಸಿ, ಧೂಳು ಒರೆಸಿ ಚಾಲೂ ಮಾಡಿದರೆ ವಿಂಡೋಸ್ 98ರ ಮೋಡದ ಚಿತ್ರ ಬರುವುದೇ ಇಲ್ಲ. ಕಪ್ಪು ಪರದೆಯಲ್ಲಿ ಸಿ:\> ಎಂದು ಬಂದು, ಪಕ್ಕದಲ್ಲಿ ಸಣ್ಣ ಗೆರೆಯೊಂದು ಮಿಟುಕುತ್ತ ನಿಲ್ಲುತ್ತದೆ. ಅಟ್ಟಕ್ಕೆ ಹಾಕುವ ಮೊದಲೂ ಹೀಗೇ ಆಗುತ್ತಿತ್ತು ಎಂದು ಅಮ್ಮ ನೆನಪಿಸಿಕೊಳ್ಳುತ್ತಾರೆ. ಪೇಟೆಯ ರಿಪೇರಿ ಅಂಗಡಿಯವರು ‘ಫಾರ್ಮ್ಯಾಟ್ ಮಾಡಬೇಕು, ಬೇರೆ ದಾರಿಯಿಲ್ಲ’ ಎಂದರು. ಇದು ನಿಜವೇ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ನಿಜವಲ್ಲ. ಆ ಅಂಗಡಿಗೆ ಯಂತ್ರವನ್ನು ಇನ್ನೂ ಕೊಟ್ಟಿಲ್ಲವೆಂದುಕೊಂಡು ಬರೆಯುತ್ತಿದ್ದೇನೆ. ಕೊಟ್ಟಿದ್ದರೆ ಈ ಉತ್ತರವನ್ನು ಪೂರ್ತಿ ಓದುವ ಮೊದಲು ಫೋನ್ ಮಾಡಿ ‘ಮುಟ್ಟಬೇಡಿ’ ಎಂದು ಹೇಳಿಬಿಡಿ. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಸಜ್ಜು ಮಾಡುವುದು. ಆಮೇಲೆ ಮತ್ತೆ ಹಾಕಿದರೆ ವಿಂಡೋಸ್ ಏಳಬಹುದು. ಆದರೆ ನಿಮಗೆ ಬೇಕಾಗಿರುವುದು ವಿಂಡೋಸ್ ಅಲ್ಲ, ತಂದೆಯವರ ಬರಹ. ಅಂಗಡಿಯವರನ್ನು ನಾನು ದೂರುವುದಿಲ್ಲ. ಫಾರ್ಮ್ಯಾಟ್ ಎಂದರೆ ಗೊತ್ತಿರುವ ಕೆಲಸ, ಗೊತ್ತಿರುವ ಸಮಯ, ಗೊತ್ತಿರುವ ಕೂಲಿ. ಕಾರಣ ಹುಡುಕುತ್ತ ಕುಳಿತರೆ ಅರ್ಧ ದಿನ ಹೋಗಬಹುದು, ಅದಕ್ಕೆ ಯಾರೂ ಹಣ ಕೊಡುವುದಿಲ್ಲ. ಮನೆಯವರಾದ ನಿಮಗೆ ಆ ಅವಸರವಿಲ್ಲ.

ಮೊದಲು ಆ ಕಪ್ಪು ಪರದೆ ಏನು ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಳ್ಳೋಣ. ಗುಂಡಿ ಒತ್ತಿದ ಕೂಡಲೇ ಮದರ್‌ಬೋರ್ಡಿನ ಬಯೋಸ್ ಎದ್ದು ಮೆಮೊರಿ, ಕೀಲಿಮಣೆ, ಡಿಸ್ಕುಗಳನ್ನು ಪರೀಕ್ಷಿಸುತ್ತದೆ. ಆಮೇಲೆ ಹಾರ್ಡ್ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದಿ, ಅಲ್ಲಿ ಸಿಕ್ಕ ಸುಳಿವಿನಂತೆ ಮುಂದುವರಿಯುತ್ತದೆ. ಐಓ.ಸಿಸ್ ಎಂಬ ಕಡತ ಅಧಿಕಾರ ವಹಿಸಿಕೊಂಡು ಎಂಎಸ್‌ಡಾಸ್.ಸಿಸ್ ಎಂಬ ಚೀಟಿಯನ್ನು ಓದುತ್ತದೆ. ನಂತರ ಕಾನ್ಫಿಗ್.ಸಿಸ್, ಕಮಾಂಡ್.ಕಾಮ್, ಆಟೋಎಕ್ಸೆಕ್.ಬ್ಯಾಟ್. ಇವೆಲ್ಲ ಮುಗಿದ ಮೇಲೆ ವಿನ್.ಕಾಮ್ ಎಂಬ ಕಡತಕ್ಕೆ ಕರೆ ಹೋಗಿ, ಮೋಡದ ಚಿತ್ರ ಸರಿದು, ಮೇಜಿನಂಥ ಹಸಿರುನೀಲಿ ಪರದೆ ತೆರೆದುಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ ಈ ಮಾತು ಬೇಗ ಅರ್ಥವಾಗುತ್ತದೆಂದು ಹೀಗೆ ಹೇಳುತ್ತೇನೆ: ಚಂಡೆ ಮದ್ದಲೆ ಶ್ರುತಿಗೆ ಕೂತಿವೆ, ಭಾಗವತರು ಜಾಗಟೆ ಹಿಡಿದಿದ್ದಾರೆ, ಪೂರ್ವರಂಗ ಮುಗಿದಿದೆ. ಆದರೆ ಪ್ರಸಂಗದ ಮೊದಲ ವೇಷ ಚೌಕಿಯಿಂದ ಹೊರಗೆ ಬಂದಿಲ್ಲ. ಸಿ:\> ಎಂದರೆ ಭಾಗವತರು ಪದ ಎತ್ತಿ ಕಾಯುತ್ತಿರುವ ಸ್ಥಿತಿ. ಬಯೋಸ್ ಸರಿಯಿದೆ, ಡಿಸ್ಕು ತಿರುಗುತ್ತಿದೆ, ಡಿಸ್ಕಿನ ಮೊದಲ ತುಣುಕು ಓದಲು ಬರುತ್ತಿದೆ, ಐಓ.ಸಿಸ್ ಮತ್ತು ಕಮಾಂಡ್.ಕಾಮ್ ಎರಡೂ ಜೀವಂತವಾಗಿವೆ. ಇಷ್ಟು ಸರಿಯಿದ್ದ ಮೇಲೆ ತಪ್ಪು ಹುಡುಕಬೇಕಾದ ಜಾಗ ಬಹಳ ಚಿಕ್ಕದು. ಯಾರಾದರೂ ‘ಬೂಟ್ ರೆಕಾರ್ಡ್ (ಅದೇ ಮೊದಲ ತುಣುಕು) ಹೋಗಿದೆ, ಎಫ್‌ಡಿಸ್ಕ್ (ಡಿಸ್ಕಿನ ವಿಭಾಗಗಳನ್ನು ತಿದ್ದುವ ಆದೇಶ) ಹೊಡೆಯೋಣ’ ಎಂದರೆ ಒಪ್ಪಬೇಡಿ. ಅದು ಹೋಗಿದ್ದರೆ ಸಿ:\> ಕಾಣಿಸಿಕೊಳ್ಳುತ್ತಲೇ ಇರಲಿಲ್ಲ.

ಕೈ ತುರಿಸುತ್ತಿದ್ದರೂ ಈಗಲೇ ರಿಪೇರಿಗೆ ಇಳಿಯಬೇಡಿ. ಮೊದಲ ಕೆಲಸ ಬರಹಗಳ ನಕಲು. ವರ್ಷಗಟ್ಟಲೆ ಅಟ್ಟದಲ್ಲಿದ್ದ, ಅದರಲ್ಲೂ ಮಲೆನಾಡಿನ ಮಳೆಗಾಲಗಳನ್ನು ಕಂಡ ಡಿಸ್ಕು ಇನ್ನೆಷ್ಟು ಬಾರಿ ತಿರುಗುತ್ತದೆ ಎಂದು ಯಾರೂ ಹೇಳಲಾರರು. ಪ್ರತಿ ಸಲ ಚಾಲೂ ಮಾಡುವುದೂ ಒಂದು ಖರ್ಚು ಎಂದೇ ಎಣಿಸಿ. ಒಮ್ಮೆ ಪೆಟ್ಟಿಗೆಯ ಹತ್ತಿರ ಕಿವಿ ಇಟ್ಟು ಕೇಳಿ. ಸಣ್ಣಗೆ ಗುಂಯ್ ಎನ್ನುತ್ತ, ನಡುನಡುವೆ ಕರಕರ ಎಂದರೆ ಅದು ಆ ಕಾಲದ ಡಿಸ್ಕುಗಳ ಸಹಜ ದನಿ. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುತ್ತಿದ್ದರೆ ತಕ್ಷಣ ಆರಿಸಿ. ಅಂಥ ಡಿಸ್ಕಿನ ಮೇಲೆ ಕೆಳಗೆ ಬರೆದ ಯಾವುದನ್ನೂ ಪ್ರಯೋಗಿಸದೆ ದತ್ತಾಂಶ ಹಿಂಪಡೆಯುವ ಪರಿಣತರ ಬಳಿಗೆ ಒಯ್ಯಬೇಕು.

ನಕಲಿಗೆ ಫ್ಲಾಪಿಯನ್ನು ನಂಬಬೇಡಿ. ಒಂದು ಫ್ಲಾಪಿಗೆ ಹಿಡಿಸುವುದು 1.44 ಎಂಬಿ, ಅದೂ ಇಪ್ಪತ್ತು ವರ್ಷದ ಹಳೆಯ ಫ್ಲಾಪಿಯಾದರೆ ಬೂಸ್ಟು ಹಿಡಿದಿರುತ್ತದೆ. ಪೆನ್ ಡ್ರೈವ್ ಚುಚ್ಚಿದರೆ ಡಾಸ್‌ಗೆ (ಆ ಕಪ್ಪು ಪರದೆಯಲ್ಲಿ ನಡೆಯುವ, ವಿಂಡೋಸ್‌ಗಿಂತ ಹಳೆಯ ವ್ಯವಸ್ಥೆಗೆ) ಅದು ಕಣ್ಣಿಗೇ ಬೀಳುವುದಿಲ್ಲ. ಸುಲಭದ ದಾರಿಯೆಂದರೆ ಡಿಸ್ಕನ್ನೇ ಬಿಚ್ಚಿ ಇಂದಿನ ಲ್ಯಾಪ್‌ಟಾಪಿಗೆ ಜೋಡಿಸುವುದು. 1999ರ ಡಿಸ್ಕಿನ ಹಿಂಬದಿಯಲ್ಲಿ ಎರಡು ಸಾಲು ಸೂಜಿಗಳಿರುವ, ಅಗಲವಾದ ಪಟ್ಟಿ ಕೇಬಲ್ ಕೂರುವ ಜಾಗವಿರುತ್ತದೆ. ಇದು ಐಡಿಇ ಮಾದರಿ. ‘ಐಡಿಇಯಿಂದ ಯುಎಸ್‌ಬಿಗೆ ಪರಿವರ್ತಕ’ ಎಂದು ಕೇಳಿದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಅಥವಾ ಆನ್‌ಲೈನಿನಲ್ಲಿ ಸಿಗುತ್ತದೆ. ಕೊಳ್ಳುವಾಗ ಒಂದನ್ನು ಗಮನಿಸಿ: ಅದರ ಜೊತೆಗೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರಬೇಕು. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ತಂತಿಯೊಂದರಿಂದಲೇ ಅದು ತಿರುಗುವುದಿಲ್ಲ.

ಬಿಚ್ಚುವ ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತಿಡಿ. ಪೆಟ್ಟಿಗೆಯ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಿ. ಮೊಬೈಲಿನಲ್ಲಿ ಎರಡು ಮೂರು ಫೋಟೊ ತೆಗೆದುಕೊಳ್ಳಿ. ಮರಳಿ ಜೋಡಿಸುವಾಗ ಯಾವ ತಂತಿ ಎಲ್ಲಿತ್ತು ಎಂಬ ಜಗಳ ಇರುವುದಿಲ್ಲ. ಪಟ್ಟಿ ಕೇಬಲ್ಲಿನ ಒಂದು ಅಂಚಿಗೆ ಕೆಂಪು ಗೆರೆ ಇರುತ್ತದೆ. ಆ ಅಂಚು ಸಾಮಾನ್ಯವಾಗಿ ವಿದ್ಯುತ್ ಪ್ಲಗ್ಗಿನ ಕಡೆಗೆ ಬರಬೇಕು. ಡಿಸ್ಕಿನ ಬೆನ್ನಿನಲ್ಲಿರುವ ಪುಟ್ಟ ಜಂಪರನ್ನು (ಸೂಜಿಗಳ ಮೇಲೆ ಕೂರುವ ಪ್ಲಾಸ್ಟಿಕ್ ಟೊಪ್ಪಿಯನ್ನು) ಬದಲಾಯಿಸಬೇಕಾಗಿ ಬಂದರೆ ಅದರ ಮೂಲ ಸ್ಥಾನವನ್ನೂ ಫೋಟೊ ತೆಗೆದಿಡಿ.

ಜೋಡಿಸಿದಾಗ ಲ್ಯಾಪ್‌ಟಾಪ್ ‘ಈ ಡಿಸ್ಕನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ‘ದೋಷ ಹುಡುಕಿ ಸರಿಪಡಿಸಲೇ?’ ಎಂದು ಕೇಳಿದರೂ ಈಗ ಬೇಡ ಎನ್ನಿ. ವಿಂಡೋಸ್ 98 ಬಳಸುತ್ತಿದ್ದದ್ದು ಫ್ಯಾಟ್16 ಅಥವಾ ಫ್ಯಾಟ್32 ಎಂಬ ಕಡತ ವ್ಯವಸ್ಥೆಯನ್ನು. ಇಂದಿನ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಅದನ್ನು ಓದುತ್ತವೆ. ಆ ಕಾಲದ ಮನೆ ಕಂಪ್ಯೂಟರಿನ ಡಿಸ್ಕು ನಾಲ್ಕರಿಂದ ಹತ್ತು ಜಿಬಿಯ ಒಳಗಿರುತ್ತದೆ. ಇಂದಿನ ಒಂದು ಪೆನ್ ಡ್ರೈವಿನಲ್ಲಿ ಇಡೀ ಡಿಸ್ಕು ಮಲಗುತ್ತದೆ. ಆದ್ದರಿಂದ ‘ಮೈ ಡಾಕ್ಯುಮೆಂಟ್ಸ್’ ಮಾತ್ರ ಸಾಕು ಎಂದು ಆರಿಸಿ ಕೂರಬೇಡಿ, ಎಲ್ಲವನ್ನೂ ತೆಗೆದುಕೊಳ್ಳಿ.

ಎಲ್ಲವನ್ನೂ ಎಂದು ಒತ್ತಿ ಹೇಳಲು ಕಾರಣವಿದೆ, ಅದು ಕನ್ನಡಕ್ಕೇ ಸಂಬಂಧಿಸಿದ್ದು. ವಿಂಡೋಸ್ 98ಕ್ಕೆ ಕನ್ನಡ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಬರುತ್ತಿರಲಿಲ್ಲ. ಯೂನಿಕೋಡ್ ಕೋಷ್ಟಕದಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆಗೆ ತುಂಗಾ ಫಾಂಟನ್ನು ತಂದ ಮೇಲೆಯೇ ಮೈಕ್ರೋಸಾಫ್ಟಿನ ವ್ಯವಸ್ಥೆಯಲ್ಲಿ ಅದು ನೆಲೆಯಾದದ್ದು. ಆ ಕಾಲದಲ್ಲಿ 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳಲ್ಲಿ ಮೆರೆದ ಶ್ರೀಲಿಪಿ, ಆಕೃತಿ ಇವೆಲ್ಲ ಮಾಡುತ್ತಿದ್ದದ್ದು ಒಂದು ಉಪಾಯವನ್ನು. ಕಡತದ ಒಳಗೆ ಇರುತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುತ್ತಿದ್ದದ್ದು ಫಾಂಟು. ಒಬ್ಬೊಬ್ಬರ ಹೊದಿಕೆ ಒಂದೊಂದು ರೀತಿ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತಂದೆಯವರ ಕಡತ ತೆರೆದರೆ ಅರ್ಥವಿಲ್ಲದ ಲಿಪಿಯ ರಾಶಿ ಕಾಣುತ್ತದೆ. ಇದನ್ನು ನೋಡಿ ‘ಕಡತ ಕೆಟ್ಟುಹೋಗಿದೆ’ ಎಂದು ಅಳಿಸಿದವರನ್ನು ನಾನು ಬಲ್ಲೆ. ಕೆಟ್ಟಿರುವುದಿಲ್ಲ, ಹೊದಿಕೆ ಕಳಚಿರುತ್ತದೆ, ಅಷ್ಟೆ. ಹಳೆಯ ಡಿಸ್ಕಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಎಂಬ ಫೋಲ್ಡರನ್ನೂ, ಕನ್ನಡ ತಂತ್ರಾಂಶವಿದ್ದ ಫೋಲ್ಡರನ್ನೂ ತಪ್ಪದೆ ನಕಲು ಮಾಡಿಕೊಳ್ಳಬೇಕೆನ್ನುವುದು ಇದಕ್ಕೇ. ಬರಹ ಮತ್ತು ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತುಗಳನ್ನೂ ಒತ್ತಕ್ಷರಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಬೇಕು. ಪರಿವರ್ತಕಗಳು ಎಡವುವುದು ಬಹುಪಾಲು ಅಲ್ಲೇ.

ನಕಲು ಆಯಿತೇ? ಇನ್ನೊಂದು ಕಡೆಯೂ ಪ್ರತಿ ಇಟ್ಟಿರೇ? ಇನ್ನು ಡಿಸ್ಕನ್ನು ಹಳೆಯ ಪೆಟ್ಟಿಗೆಗೆ ಮರಳಿ ಹಾಕಿ, ಧೈರ್ಯವಾಗಿ ರಿಪೇರಿ ಮಾಡೋಣ. ಬರಹ ಸಿಕ್ಕಿತಲ್ಲ, ಯಂತ್ರ ಏಕೆ ಎಂದು ಕೇಳಬಹುದು. ತಂದೆಯವರು ಬಳಸಿದ ತಂತ್ರಾಂಶದಲ್ಲೇ ತೆರೆದರೆ ಪುಟ ಅವರು ಹೊಂದಿಸಿದಂತೆಯೇ ಕಾಣುತ್ತದೆ. ಪರಿವರ್ತಿಸಿದ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು. ನನಗೆ ಅದಷ್ಟೇ ಸಾಕಾದ ಕಾರಣ.

ಕೆಳಗೆ ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿ, ಕೊನೆಯಲ್ಲಿ ಎಂಟರ್ ಒತ್ತಬೇಕು. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದ ಡಾಸ್‌ಗೆ ಇಲ್ಲ. ಗೊಂದಲವಾಗುವ ಕಡೆ ಅಕ್ಷರಗಳನ್ನು ಬಿಡಿಸಿ ಹೇಳಿದ್ದೇನೆ. ಕೀಲಿಮಣೆ ಹಳೆಯ ದುಂಡು ಪಿನ್ನಿನದೇ ಇರಲಿ. ಯುಎಸ್‌ಬಿ ಕೀಲಿಮಣೆ ಡಾಸ್‌ನಲ್ಲಿ ಕೆಲಸ ಮಾಡಬೇಕಾದರೆ ಬಯೋಸ್ ಅದಕ್ಕೆ ಒಪ್ಪಿಗೆ ಕೊಟ್ಟಿರಬೇಕು.

ಪರದೆಯಲ್ಲಿ ಇರುವುದು ಸಿ ಅಕ್ಷರವೇ ಎಂದು ಮತ್ತೊಮ್ಮೆ ನೋಡಿ. ಎ:\> ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯಿತು: ಫ್ಲಾಪಿ ಡ್ರೈವಿನಲ್ಲಿ ಯಾವುದೋ ಬೂಟ್ ಫ್ಲಾಪಿ ಸಿಕ್ಕಿಕೊಂಡಿದೆ, ತೆಗೆದು ಮತ್ತೆ ಚಾಲೂ ಮಾಡಿ. ನೀವು ಸಿ ಎಂದೇ ಬರೆದಿದ್ದೀರಿ, ಇರಲಿ. ಈಗ ವಿ-ಇ-ಆರ್ ಎಂದು ಒತ್ತಿ. ವಿಂಡೋಸ್ 98, ಆವೃತ್ತಿ 4.10.1998 ಎಂದೋ 4.10.2222 ಎಂದೋ ಉತ್ತರ ಬರಬೇಕು. ಎರಡನೆಯದು 1999ರಲ್ಲಿ ಬಂದ ಎರಡನೇ ಪರಿಷ್ಕರಣೆ. ನಿಮ್ಮಂತೆಯೇ ಅಟ್ಟದಿಂದ ಯಂತ್ರ ಇಳಿಸಿದ ಬೇರೆ ಓದುಗರಿಗಾಗಿ ಒಂದು ಮಾತು: ಉತ್ತರ ಎಂಎಸ್-ಡಾಸ್ 6.22 ಎಂದಿದ್ದರೆ ನಿಮ್ಮದು ವಿಂಡೋಸ್ 3.1ರ ಕಾಲದ್ದು, ಅಲ್ಲಿ ಸಿ:\> ಎಂದು ನಿಲ್ಲುವುದು ದೋಷವೇ ಅಲ್ಲ. ಆಗ ಎಲ್ಲರೂ ಹಾಗೆ ನಿಂತ ಮೇಲೆಯೇ ವಿನ್ ಎಂದು ಒತ್ತಿ ಒಳಗೆ ಹೋಗುತ್ತಿದ್ದರು.

ನೀವೂ ಈಗ ಅದನ್ನೇ ಮಾಡಿ. ಡಬ್ಲ್ಯೂ-ಐ-ಎನ್, ಎಂಟರ್. ಇದು ಇಡೀ ಪತ್ತೇದಾರಿಯಲ್ಲಿ ಅತಿ ಮುಖ್ಯ ಹೆಜ್ಜೆ. ಇದಕ್ಕೆ ಯಂತ್ರ ಏನು ಉತ್ತರ ಕೊಡುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ.

ವಿಂಡೋಸ್ ಸಲೀಸಾಗಿ ತೆರೆದುಕೊಂಡರೆ ವಿಂಡೋಸ್ ಹಾಳಾಗಿಲ್ಲ, ಅದನ್ನು ಕರೆಯಬೇಕಾದವರು ಕರೆಯುತ್ತಿಲ್ಲ ಎಂದರ್ಥ. ಅಮ್ಮ ಹೇಳಿದ್ದನ್ನು ಓದಿದಾಗ ನನ್ನ ಅನುಮಾನ ಇಲ್ಲಿಗೇ ಬಂತು. ಆ ಕಾಲದಲ್ಲಿ ಕೆಲವು ಡಾಸ್ ತಂತ್ರಾಂಶಗಳು, ಅದರಲ್ಲೂ ಆಟಗಳು, ವಿಂಡೋಸ್ ಪಕ್ಕದಲ್ಲಿದ್ದರೆ ಓಡುತ್ತಿರಲಿಲ್ಲ. ಅವುಗಳಿಗಾಗಿ ವಿಂಡೋಸ್ ತಾನೇ ಪಕ್ಕಕ್ಕೆ ಸರಿದು, ಯಂತ್ರವನ್ನು ‘ಎಂಎಸ್-ಡಾಸ್ ಮೋಡ್’ನಲ್ಲಿ ಮರುಚಾಲನೆ ಮಾಡಿಕೊಡುತ್ತಿತ್ತು. ಆಟಕ್ಕೆ ಪ್ರತ್ಯೇಕ ಹೊಂದಾಣಿಕೆ ಬೇಕಿದ್ದರೆ ಹೋಗುವ ಮುನ್ನ ತನ್ನ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಕಡತಗಳ ಬಾಲವನ್ನು (ಹೆಸರಿನಲ್ಲಿ ಚುಕ್ಕೆಯ ನಂತರದ ಭಾಗವನ್ನು) ಡಬ್ಲ್ಯೂ-ಓ-ಎಸ್ ಎಂದು ಬದಲಿಸಿ ಎತ್ತಿಟ್ಟು, ಅವುಗಳ ಜಾಗದಲ್ಲಿ ತಾತ್ಕಾಲಿಕ ಕಡತಗಳನ್ನಿಟ್ಟು, ಹೊಸ ಕಾನ್ಫಿಗ್.ಸಿಸ್‌ನಲ್ಲಿ ‘ಡಾಸ್=ಸಿಂಗಲ್’ ಎಂಬ ಸಾಲು ಬರೆಯುತ್ತಿತ್ತು. ಆಟ ಮುಗಿದಾಗ ಎಲ್ಲವೂ ಮೊದಲಿನಂತಾಗಬೇಕು. ಆದರೆ ಆಟದ ನಡುವೆ ಕರೆಂಟು ಹೋದರೆ? ಮತ್ತೆ ಚಾಲೂ ಮಾಡಿದಾಗ ಯಂತ್ರ ಆ ತಾತ್ಕಾಲಿಕ ಚೀಟಿಯನ್ನೇ ನಂಬಿ ಡಾಸ್‌ನಲ್ಲೇ ನಿಲ್ಲುತ್ತದೆ. ನಾಳೆಯೂ ಹಾಗೆಯೇ, ನಾಡಿದ್ದೂ ಹಾಗೆಯೇ.

2000ದ ಆಸುಪಾಸಿನಲ್ಲಿ ನಾನು ಸೈಕಲ್ಲಿನ ಹಿಂದೆ ಉಪಕರಣದ ಚೀಲ ಕಟ್ಟಿಕೊಂಡು ಕಂಪ್ಯೂಟರ್ ರಿಪೇರಿಗೆ ತಿರುಗುತ್ತಿದ್ದ ಕಾಲ. ಒಂದು ಸಣ್ಣ ಊರಿನ ಸಹಕಾರ ಸಂಘದ ಲೆಕ್ಕದ ತಂತ್ರಾಂಶ ಹೀಗೆ ಡಾಸ್ ಮೋಡ್‌ನಲ್ಲೇ ಓಡುತ್ತಿತ್ತು. ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ಆದ ಮರುದಿನದಿಂದ ಯಂತ್ರ ಸಿ:\> ಬಿಟ್ಟು ಮುಂದೆ ಹೋಗಲಿಲ್ಲ. ವೈರಸ್ ಎಂದು ಒಬ್ಬರು, ಡಿಸ್ಕು ಹೋಯಿತೆಂದು ಇನ್ನೊಬ್ಬರು. ಎರಡು ಗಂಟೆ ಬಯೋಸ್‌ನಲ್ಲಿ ತಡಕಾಡಿದ ನಾನೂ ಅವರಿಗಿಂತ ಜಾಣನೇನಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಆ ಒಂದು ಸಾಲು. ಅಳಿಸಿದೆ, ಚಾಲೂ ಮಾಡಿದೆ, ಮೋಡ ಬಂತು. ಒಂದು ಸಾಲು ಅಳಿಸಿದ್ದಕ್ಕೆ ಎಷ್ಟು ಕೂಲಿ ಕೇಳುವುದೆಂದು ಸಂಕೋಚವಾಗಿ ಚಹಾ ಕುಡಿದು ಎದ್ದು ಬಂದೆ.

ನಿಮ್ಮಲ್ಲೂ ಹೀಗಾಗಿದೆಯೇ ಎಂದು ನೋಡಲು ಡಿ-ಐ-ಆರ್, ಒಂದು ತೆರಪು, ಸಿ:\*.ಡಬ್ಲ್ಯೂಓಎಸ್ ಎಂದು ಒತ್ತಿ. ಕಡತಗಳು ಕಂಡರೆ ಕಳ್ಳ ಸಿಕ್ಕಿದ. ವಿನ್ ಎಂದು ಬರೆದು, ತೆರಪು ಬಿಟ್ಟು, ಓರೆಗೆರೆ (/) ಹಾಕಿ, ಡಬ್ಲ್ಯೂ-ಎಕ್ಸ್ ಎಂದು ಒತ್ತಿ; ಎತ್ತಿಟ್ಟದ್ದನ್ನೆಲ್ಲ ಮರಳಿ ಜಾಗಕ್ಕಿಟ್ಟು ವಿಂಡೋಸ್ ಏಳಬೇಕು. ಏಳದಿದ್ದರೆ ಎಡಿಟ್ ಸಿ:\ಕಾನ್ಫಿಗ್.ಸಿಸ್ ಎಂದು ಒತ್ತಿ, ನೀಲಿ ಪರದೆಯ ಸಂಪಾದಕದಲ್ಲಿ ಡಾಸ್=ಸಿಂಗಲ್ ಸಾಲನ್ನು ಅಳಿಸಿ, ಕಡತವನ್ನು ಉಳಿಸಿ. ಅಂದಹಾಗೆ 1999ರಿಂದೀಚೆಗೆ ಆ ಕಂಪ್ಯೂಟರಿನಲ್ಲಿ ಗುಟ್ಟಾಗಿ ಡಾಸ್ ಆಟ ಆಡಿದವರು ನಿಮ್ಮ ಮನೆಯಲ್ಲಿ ಯಾರು ಎಂದು ನಾನು ಕೇಳುವುದಿಲ್ಲ.

ಡಬ್ಲ್ಯೂಓಎಸ್ ಕಡತ ಇಲ್ಲ, ಆದರೆ ವಿನ್ ಒತ್ತಿದರೆ ವಿಂಡೋಸ್ ಬರುತ್ತದೆ ಎಂದಾದರೆ ಎಂಎಸ್‌ಡಾಸ್.ಸಿಸ್ ಎಂಬ ಚೀಟಿಯನ್ನು ನೋಡಬೇಕು. ಅದು ಅಡಗಿಸಿಟ್ಟ ಕಡತ. ಮೊದಲು ಆಟ್ರಿಬ್ (ಎ-ಟಿ-ಟಿ-ಆರ್-ಐ-ಬಿ), ಬಳಿಕ ತೆರಪು ಬಿಟ್ಟು -ಆರ್ -ಎಸ್ -ಎಚ್, ಬಳಿಕ ಸಿ:\ಎಂಎಸ್‌ಡಾಸ್.ಸಿಸ್ ಎಂದು ಒತ್ತಿ ಅದರ ಮುಸುಕು ತೆಗೆಯಿರಿ. ಎಡಿಟ್‌ನಲ್ಲಿ ತೆರೆದಾಗ ಆಪ್ಷನ್ಸ್ ಎಂಬ ತಲೆಬರಹದ ಕೆಳಗೆ ಬೂಟ್‌ಜಿಯುಐ ಎಂಬ ಸಾಲಿದೆಯೇ ನೋಡಿ. ಅದರ ಮುಂದೆ 0 ಇದ್ದರೆ ಯಂತ್ರ ಪ್ರತಿ ಸಲವೂ ಡಾಸ್‌ನಲ್ಲೇ ನಿಲ್ಲುತ್ತದೆ. 1 ಮಾಡಿ ಉಳಿಸಿ. ಅದೇ ಕಡತದಲ್ಲಿ ಕೆಳಗೆ ಅರ್ಥವಿಲ್ಲದ ಎಕ್ಸ್ ಅಕ್ಷರಗಳ ಉದ್ದ ಸಾಲುಗಳಿರುತ್ತವೆ. ಕಸ ಎಂದು ಗುಡಿಸಬೇಡಿ. ಆ ಕಡತ 1024 ಬೈಟಿಗಿಂತ ದೊಡ್ಡದಿರಬೇಕೆಂದು ಬೇಕೆಂದೇ ತುಂಬಿಸಿದ ಹೊಟ್ಟು ಅದು. ಕೆಲಸ ಮುಗಿದ ಮೇಲೆ ಅದೇ ಆಟ್ರಿಬ್ ಆದೇಶವನ್ನು ಕಳೆಯುವ ಚಿಹ್ನೆಗಳ ಬದಲು ಕೂಡುವ ಚಿಹ್ನೆಗಳೊಂದಿಗೆ ಒತ್ತಿ ಮುಸುಕು ಹಾಕಿಬಿಡಿ.

ವಿನ್ ಒತ್ತಿದಾಗ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎಂದು ಬಂದರೆ ಗಾಬರಿಯಾಗಬೇಡಿ, ಡಾಸ್‌ಗೆ ವಿನ್.ಕಾಮ್ ಎಲ್ಲಿದೆ ಎಂದು ಗೊತ್ತಾಗಲಿಲ್ಲ, ಅಷ್ಟೆ. ವಿಳಾಸ ಸಮೇತ ಹೇಳಿ: ಸಿ:\ವಿಂಡೋಸ್\ವಿನ್. ಈಗ ಎದ್ದರೆ ಎಂಎಸ್‌ಡಾಸ್.ಸಿಸ್‌ನಲ್ಲಿ ಪಾತ್ಸ್ ತಲೆಬರಹದ ಕೆಳಗಿನ ವಿನ್‌ಡಿರ್ ಮತ್ತು ವಿನ್‌ಬೂಟ್‌ಡಿರ್ ಸಾಲುಗಳು ಸಿ:\ವಿಂಡೋಸ್ ಎಂದು ತೋರಿಸುತ್ತಿವೆಯೇ ನೋಡಿ. ಏಳದಿದ್ದರೆ ಡಿ-ಐ-ಆರ್ ಸಿ:\ವಿಂಡೋಸ್ ಒತ್ತಿ. ಫೋಲ್ಡರೇ ಇಲ್ಲ ಎಂದರೆ ಯಾರೋ ಅಳಿಸಿದ್ದಾರೆ ಅಥವಾ ಡಿಸ್ಕಿನ ಕಡತ ಪಟ್ಟಿ ಕೆಟ್ಟಿದೆ. ಫೋಲ್ಡರ್ ಇದ್ದು ವಿನ್.ಕಾಮ್ ಒಂದೇ ಕಾಣೆಯಾಗಿದ್ದರೆ ವಿಂಡೋಸ್ 98ರ ಸಿಡಿಯಿಂದ ತರಬಹುದು. ಸಿಡಿಯ ಕ್ಯಾಬ್ ಕಡತಗಳಲ್ಲಿ (ಹಲವು ಕಡತಗಳನ್ನು ಒತ್ತಿ ತುಂಬಿಟ್ಟ ಗಂಟುಗಳಲ್ಲಿ) ಅದು ವಿನ್.ಸಿಎನ್‌ಎಫ್ ಎಂಬ ಬೇರೆ ಹೆಸರಿನಲ್ಲಿರುತ್ತದೆ. ಎಕ್ಸ್‌ಟ್ರಾಕ್ಟ್ ಆದೇಶದಿಂದ ಹೊರತೆಗೆದು ಹೆಸರು ಬದಲಿಸಬೇಕು. ಈ ಹೆಸರಿನ ಮರ್ಮ ತಿಳಿಯದೆ ಸಿಡಿಯಲ್ಲಿ ವಿನ್.ಕಾಮ್ ಹುಡುಕಿ ಬೇಸತ್ತವರು ಬಹಳ.

ಇಂಥ ಕಡತ ಕಾಣೆಯಾಗಿದೆ ಎಂದು ಹೆಸರು ಹಿಡಿದು ಹೇಳಿ ಮತ್ತೆ ಸಿ:\> ಬಂದರೆ ಅದು ಒಳ್ಳೆಯ ಸುದ್ದಿ, ಯಂತ್ರವೇ ಬೆರಳು ತೋರಿಸುತ್ತಿದೆ. ಎಲ್ಲರಿಗಿಂತ ಹೆಚ್ಚು ಕೇಳಿಬರುವ ಹೆಸರು ಹೈಮೆಮ್.ಸಿಸ್. ಅದು ದೊಡ್ಡ ಮೆಮೊರಿಯ ಬಾಗಿಲು ತೆರೆಯುವ ಕಡತ, ಅದಿಲ್ಲದೆ ವಿಂಡೋಸ್ 98 ಏಳುವುದಿಲ್ಲ. ಅದೃಷ್ಟಕ್ಕೆ ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿಯಲ್ಲಿ ಅದರ ಪ್ರತಿ ಇರುತ್ತದೆ: ಕಾಪಿ ಎ:\ಹೈಮೆಮ್.ಸಿಸ್ ಸಿ:\ವಿಂಡೋಸ್. ನಿಮ್ಮಲ್ಲಿ ಫ್ಲಾಪಿ ಇಲ್ಲದಿದ್ದರೆ ಡಿಸ್ಕನ್ನು ಇನ್ನೊಮ್ಮೆ ಪರಿವರ್ತಕಕ್ಕೆ ಹಾಕಿ, ಅದೇ ಆವೃತ್ತಿಯ ಸಿಡಿಯಿಂದ ತೆಗೆದ ಕಡತವನ್ನು ಲ್ಯಾಪ್‌ಟಾಪಿನಿಂದಲೇ ಇಡಬಹುದು. ವಿಎಕ್ಸ್‌ಡಿ ಎಂಬ ಬಾಲವಿರುವ ಯಾವುದೋ ಸಾಧನದ ಕಡತ ಸಿಗುತ್ತಿಲ್ಲ, ಮುಂದುವರಿಯಲು ಕೀಲಿ ಒತ್ತಿ ಎಂದರೆ ಸುಮ್ಮನೆ ಒತ್ತಿ ನೋಡಿ. ಹಿಂದೆಂದೋ ತೆಗೆದುಹಾಕಿದ ತಂತ್ರಾಂಶ ಬಿಟ್ಟುಹೋದ ಹೆಜ್ಜೆಗುರುತು ಅದಾಗಿದ್ದರೆ ಯಂತ್ರ ಮುಂದೆ ಸಾಗುತ್ತದೆ.

ರಿಜಿಸ್ಟ್ರಿಯ ಮಾತೆತ್ತಿದರೆ, ಅಂದರೆ ವಿಂಡೋಸ್ ತನ್ನ ಎಲ್ಲ ನೆನಪುಗಳನ್ನೂ ಬರೆದಿಡುವ ಕಡತ ಕೆಟ್ಟಿದೆ ಎಂದರೆ, ವಿಂಡೋಸ್ 98ರಲ್ಲಿ ಅದಕ್ಕೊಂದು ಸೊಗಸಾದ ಮದ್ದಿದೆ. ಅದು ದಿನಕ್ಕೊಮ್ಮೆ ಸರಿಯಾಗಿ ಎದ್ದಾಗ ರಿಜಿಸ್ಟ್ರಿಯ ಪ್ರತಿಯೊಂದನ್ನು ತಾನೇ ತೆಗೆದಿಡುತ್ತದೆ, ಹೀಗೆ ಐದು ಪ್ರತಿಗಳ ತನಕ. ಸ್ಕ್ಯಾನ್‌ರೆಗ್ (ಎಸ್-ಸಿ-ಎ-ಎನ್-ಆರ್-ಇ-ಜಿ), ತೆರಪು, ಓರೆಗೆರೆ, ರೀಸ್ಟೋರ್ ಎಂದು ಒತ್ತಿದರೆ ಆ ಪ್ರತಿಗಳ ಪಟ್ಟಿ ತಾರೀಖಿನೊಂದಿಗೆ ಬರುತ್ತದೆ. ‘ಸ್ಟಾರ್ಟೆಡ್’ ಎಂದು ಗುರುತಿರುವ, ತುಸು ಹಳೆಯ ತಾರೀಖಿನ ಪ್ರತಿಯನ್ನು ಆರಿಸಿ. ಇದರಿಂದ ತಂದೆಯವರ ಬರಹಗಳು ಹಳೆಯ ಸ್ಥಿತಿಗೆ ಹೋಗುವುದಿಲ್ಲ, ವಿಂಡೋಸಿನ ಹೊಂದಾಣಿಕೆಗಳು ಮಾತ್ರ ಹಿಂದಕ್ಕೆ ಹೋಗುತ್ತವೆ.

ಇನ್ನು ಉಳಿದದ್ದು ಮೌನವ್ರತದ ಪ್ರಕರಣ: ವಿನ್ ಒತ್ತಿದರೆ ಒಂದು ಕ್ಷಣ ಏನೋ ಮಿಂಚಿ, ಕಾರಣ ಹೇಳದೆ ಮತ್ತೆ ಸಿ:\>. ಇಲ್ಲಿ ಮೊದಲು ಡಿ-ಐ-ಆರ್ ಒತ್ತಿ ಕೊನೆಯ ಸಾಲು ನೋಡಿ, ಡಿಸ್ಕಿನಲ್ಲಿ ಎಷ್ಟು ಬೈಟು ಖಾಲಿಯಿದೆ ಎಂದು ಅಲ್ಲಿರುತ್ತದೆ. ಕೆಲವೇ ಎಂಬಿ ಉಳಿದಿದ್ದರೆ ವಿಂಡೋಸ್‌ಗೆ ಕಾಲು ಚಾಚಲು ಜಾಗವಿಲ್ಲ. ಸಿ:\ವಿಂಡೋಸ್\ಟೆಂಪ್ ಫೋಲ್ಡರಿನಲ್ಲಿರುವುದನ್ನು ಅಳಿಸಬಹುದು. ಜಾಗ ಸಾಕಷ್ಟಿದ್ದರೆ ಸ್ಕ್ಯಾನ್‌ಡಿಸ್ಕ್ ಸಿ: ಎಂದು ಒತ್ತಿ ಡಿಸ್ಕಿನ ಲೆಕ್ಕವನ್ನು ಸರಿಮಾಡಿಸಿ. ದಿಕ್ಕಿಲ್ಲದ ತುಣುಕುಗಳು ಸಿಕ್ಕರೆ ಅದು ಅವುಗಳನ್ನು ಸಿ-ಎಚ್-ಕೆ ಬಾಲದ ಕಡತಗಳಾಗಿ ಉಳಿಸುತ್ತದೆ. ನಕಲು ಮುಗಿಯುವ ಮೊದಲು ಇದನ್ನು ಮಾಡಬಾರದೆಂದು ನಾನು ಹಟ ಹಿಡಿದದ್ದು ಸ್ಕ್ಯಾನ್‌ಡಿಸ್ಕ್ ಡಿಸ್ಕಿನ ಮೇಲೆ ಬರೆಯುತ್ತದೆ ಎಂಬ ಕಾರಣಕ್ಕೆ. ದುರ್ಬಲ ಡಿಸ್ಕಿನ ಮೇಲೆ ಅದರ ಸಹಾಯವೇ ಹೊರೆಯಾಗಬಹುದು.

ಆಮೇಲೆ ಸೇಫ್ ಮೋಡ್, ಅಂದರೆ ತೀರ ಅಗತ್ಯದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸನ್ನು ಎಬ್ಬಿಸುವುದು. ವಿನ್, ತೆರಪು, ಓರೆಗೆರೆ, ಡಿ:ಎಂ. ಅಥವಾ ಚಾಲೂ ಮಾಡುವಾಗ ಎಫ್8 ಕೀಲಿಯನ್ನು ಒತ್ತಿ. ವಿಂಡೋಸ್ 98ರಲ್ಲಿ ಕಂಟ್ರೋಲ್ ಕೀಲಿ ಹಿಡಿದಿದ್ದರೂ ಅದೇ ಪಟ್ಟಿ ಬರುತ್ತದೆ. ಸೇಫ್ ಮೋಡ್‌ನಲ್ಲಿ ಹದಿನಾರು ಬಣ್ಣಗಳ ದಪ್ಪ ಪರದೆಯಾದರೂ ತೆರೆದುಕೊಂಡರೆ ತಪ್ಪಿತಸ್ಥ ಯಾವುದೋ ಡ್ರೈವರ್ (ಒಂದು ಯಂತ್ರಭಾಗವನ್ನು ನಡೆಸುವ ತಂತ್ರಾಂಶ), ಬಹುಮಟ್ಟಿಗೆ ಪರದೆಯ ಕಾರ್ಡಿನದು. ಪಟ್ಟಿಯಲ್ಲಿ ಎರಡನೆಯದಾಗಿರುವ ‘ಲಾಗ್ಡ್’ ಆರಿಸಿದರೆ ಬೂಟ್‌ಲಾಗ್ ಎಂಬ ಕಡತ ತಯಾರಾಗುತ್ತದೆ. ಅದರ ಕೊನೆಯ ಸಾಲುಗಳಲ್ಲಿ ಯಾವುದರ ಹೆಸರು ಬಂದು ಕಥೆ ನಿಂತಿದೆಯೋ ಅಲ್ಲಿಂದ ಹುಡುಕಾಟ ಶುರು. ಇಷ್ಟರ ನಡುವೆ ಯಾರಾದರೂ ಪ್ರೀತಿಯಿಂದ ‘ಮೆಮೊರಿ ಹೆಚ್ಚಿಸೋಣ’ ಎಂದು ಮುಂದೆ ಬಂದರೆ ತಡೆಯಿರಿ. 512 ಎಂಬಿಗಿಂತ ಹೆಚ್ಚು ಮೆಮೊರಿ ತುಂಬಿದರೆ ವಿಂಡೋಸ್ 98 ತಬ್ಬಿಬ್ಬಾಗಿ ‘ಮೆಮೊರಿ ಸಾಲದು’ ಎಂದು ದೂರುವುದುಂಟು. ಹೊಟ್ಟೆ ಬಿರಿಯೆ ಉಂಡು ಹಸಿವು ಎನ್ನುವ ಜಾತಿ.

ಸಣ್ಣದೊಂದು ಬಾಕಿ. ಡೇಟ್ ಎಂದು ಒತ್ತಿದಾಗ 1980ರಂಥ ಹಳೆಯ ವರ್ಷ ಬಂದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿದೆ. ಹೆಚ್ಚಿನ ಬೋರ್ಡುಗಳಲ್ಲಿ ಅದು ನಾಣ್ಯದಂಥ ಸಿಆರ್2032, 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದಿಲ್ಲದೆಯೂ ಯಂತ್ರ ಓಡುತ್ತದೆ, ಆದರೆ ಬಯೋಸ್ ಪ್ರತಿ ಸಲ ತನ್ನ ಹೊಂದಾಣಿಕೆಗಳನ್ನು ಮರೆತು, ಒಂದು ದಿನ ಡಿಸ್ಕೇ ಇಲ್ಲ ಎಂದುಬಿಡಬಹುದು. ಹೊಸದು ಹಾಕಿದ ಮೇಲೆ ಬಯೋಸ್ ಒಳಹೊಕ್ಕು ಡಿಸ್ಕನ್ನು ತಾನಾಗಿ ಗುರುತಿಸುವಂತೆ ಹೇಳಿ ಉಳಿಸಿ.

ಈ ಯಾವುದರಿಂದಲೂ ಏಳದಿದ್ದರೆ ವಿನ್ ಒತ್ತಿದಾಗ ಪರದೆಯ ಮೇಲೆ ಬಂದದ್ದನ್ನು ಫೋಟೊ ತೆಗೆದು ಕಳುಹಿಸಿ, ‘ಏನೋ ಎರರ್ ಬಂತು’ ಎಂದು ಬರೆಯಬೇಡಿ. ಎದ್ದರೆ ಕೊನೆಯ ಅಡ್ಡಿಯೊಂದು ಇರುತ್ತದೆ: ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುವ ಪುಟ್ಟ ಚೌಕ. ಇಷ್ಟು ವರ್ಷದ ಮೇಲೆ ತಂದೆಯವರಿಗೆ ಅದು ನೆನಪಿಲ್ಲದಿದ್ದರೆ ಯೋಚಿಸಬೇಡಿ. ಕೀಲಿಮಣೆಯ ಎಡತುದಿಯ ಎಸ್ಕೇಪ್ ಒತ್ತಿ. ಮನೆಯ ವಿಂಡೋಸ್ 98 ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬಿಟ್ಟುಕೊಳ್ಳುತ್ತದೆ.